ತಪ್ಪಿದ ಲೆಕ್ಕಕ್ಕೆ 2 ಶಿಲಿಂಗ್ 8 ಪೆನ್ಸ್

ಮಗುವೊಂದು ಲೆಕ್ಕದಲ್ಲಿ ನಪಾಸಾದರೆ ಅದರ ಶಾಲೆಗೆ ಎಷ್ಟು ನಷ್ಟ? 1862ರ ಇಂಗ್ಲೆಂಡಿನ ಶಿಕ್ಷಣ ಇಲಾಖೆ ಇದಕ್ಕೆ ಚಿಲ್ಲರೆ ಸಮೇತ ಉತ್ತರ ಬರೆದಿಟ್ಟಿತ್ತು: 2 ಶಿಲಿಂಗ್ 8 ಪೆನ್ಸ್. ಓದಿನಲ್ಲಿ ತಪ್ಪಿದರೂ ಅಷ್ಟೇ, ಬರಹದಲ್ಲಿ ತಪ್ಪಿದರೂ ಅಷ್ಟೇ.

ನಾನು ಹುಡುಕಲು ಹೊರಟದ್ದು ಇಂಗ್ಲೆಂಡನ್ನಲ್ಲ. ಧಾರವಾಡ, ಬೆಳಗಾವಿ, ಕಲಾದಗಿ, ಉತ್ತರ ಕನ್ನಡಗಳು ಬೊಂಬಾಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ದಕ್ಷಿಣ ಕನ್ನಡ ಮದರಾಸಿನ ಅಧೀನದಲ್ಲಿದ್ದ ಕಾಲದಲ್ಲಿ, ಖಾಸಗಿ ಶಾಲೆಗಳಿಗೆ ಸರ್ಕಾರದ ಹಣ ಯಾವ ಲೆಕ್ಕಾಚಾರದ ಮೇಲೆ ಬರುತ್ತಿತ್ತು ಎಂದು ತಿಳಿಯಬೇಕಿತ್ತು. ಆ ಕಾಲದ ವರದಿಗಳಲ್ಲಿ ಮತ್ತೆ ಮತ್ತೆ ಎದುರಾದದ್ದು ‘ಫಲಿತಾಂಶದ ಮೇಲೆ ಪಾವತಿ’ ಎಂಬ ಪದ್ಧತಿ. ಅದರ ಬೇರು ಹಿಡಿದು ಹೋದರೆ ದಾರಿ ನೇರ ಲಂಡನ್ನಿಗೇ ಒಯ್ಯುತ್ತದೆ. ಆ ದಾರಿಯಲ್ಲಿ ಸಿಕ್ಕ ಪ್ರತಿ ದಾಖಲೆಗೂ ನಾನು ಕೇಳುತ್ತ ಬಂದದ್ದು ಒಂದೇ ಪ್ರಶ್ನೆ: ಮಗು ಸೋತಾಗ ಆ ಸೋಲಿನ ದುಡ್ಡು ಕಟ್ಟಿದವರು ಯಾರು?

ಮೊದಲ ದಾಖಲೆ 1862ರ ‘ರಿವೈಸ್ಡ್ ಕೋಡ್’. ಬಡವರ ಮಕ್ಕಳ ಶಾಲೆಗಳಿಗೆ ಸರ್ಕಾರ ಕೊಡುವ ಹಣ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. 1858ರಲ್ಲಿ ನೇಮಕವಾದ ನ್ಯೂಕ್ಯಾಸಲ್ ಆಯೋಗ 1861ರಲ್ಲಿ ವರದಿ ಕೊಟ್ಟು, ಎಳೆಯ ಮಕ್ಕಳಿಗೆ ಓದು, ಬರಹ, ಲೆಕ್ಕದ ಬುನಾದಿಯೇ ಸರಿಯಾಗಿ ಬೀಳುತ್ತಿಲ್ಲ ಎಂದಿತು. ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಈ ಮಾತನ್ನು ಹಿಡಿದುಕೊಂಡರು. ಹೊಸ ವ್ಯವಸ್ಥೆಯಲ್ಲಿ ಕಲಿಕೆ ಸುಧಾರಿಸದಿದ್ದರೆ ಖರ್ಚಾದರೂ ಇಳಿಯುತ್ತದೆ ಎಂದು ಸಂಸತ್ತಿಗೆ ಭರವಸೆ ಕೊಟ್ಟರು. ತೆರಿಗೆದಾರನ ಹಣಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ. ಲೆಕ್ಕ ಕೇಳಿದ ರೀತಿಯಲ್ಲಿ ಎಡವಟ್ಟಿತ್ತು.

ಸೂತ್ರ ಹೀಗಿತ್ತು. ಸರಾಸರಿ ಹಾಜರಾತಿಯ ಮೇಲೆ ತಲಾ 4 ಶಿಲಿಂಗ್. ಆರು ವರ್ಷ ದಾಟಿದ ಮಗು 200ಕ್ಕೂ ಹೆಚ್ಚು ಹೊತ್ತು ಶಾಲೆಗೆ ಬಂದಿದ್ದು, ಇನ್‌ಸ್ಪೆಕ್ಟರರ ಮುಂದೆ ಮೂರೂ ವಿಷಯಗಳಲ್ಲಿ ಪಾಸಾದರೆ ಮತ್ತೆ 8 ಶಿಲಿಂಗ್. ನಪಾಸಾದ ಒಂದೊಂದು ವಿಷಯಕ್ಕೂ ಅದರಲ್ಲಿ ಮೂರನೇ ಒಂದು ಭಾಗ ಕಡಿತ. ಅಂದರೆ ಒಂದು ಮಗು ತರಬಹುದಾದ 12 ಶಿಲಿಂಗಿನಲ್ಲಿ 8 ಶಿಲಿಂಗ್, ವರ್ಷದ ಒಂದೇ ದಿನಕ್ಕೆ ತೂಗುಬಿದ್ದಿತ್ತು. ಅದರ ಮೇಲೆ ಮತ್ತೊಂದು ಷರತ್ತು: ಒಮ್ಮೆ ಒಂದು ದರ್ಜೆಯ ಪರೀಕ್ಷೆಗೆ ಕೂರಿಸಿದ ಮಗುವನ್ನು ಮತ್ತೆ ಅದೇ ದರ್ಜೆಗೆ ಕೂರಿಸುವಂತಿಲ್ಲ. ಎರಡನೇ ದರ್ಜೆಯಲ್ಲಿ ಸೋತ ಮಗು ಆ ಪಾಠ ಅರಗಿಸಿಕೊಳ್ಳುವ ಮೊದಲೇ ಮೂರನೆಯದಕ್ಕೆ ಹೋಗಬೇಕು. ಅಲ್ಲೇ ನಿಂತರೆ ಶಾಲೆಗೆ ಅದರ ಪರೀಕ್ಷಾ ಹಣ ಬಾರದು. ಹಿಂದೆ ಬಿದ್ದ ಮಗುವಿಗೆ ಸಮಯ ಕೊಡಬೇಕೆಂಬ ಸಾಮಾನ್ಯ ವಿವೇಕವನ್ನೇ ಈ ಷರತ್ತು ದುಬಾರಿ ಮಾಡಿತು.

ಇನ್ನು ಈ ದಾಖಲೆಗಳಲ್ಲಿ ಮಕ್ಕಳು ಎಲ್ಲಿ ಕಾಣಿಸುತ್ತಾರೆ? ಅನುದಾನ ಬೇಕಾದರೆ ಮುಖ್ಯೋಪಾಧ್ಯಾಯರು ಲಾಗ್‌ಬುಕ್ ಬರೆಯಲೇಬೇಕು ಎಂದೂ ಇದೇ ಕೋಡ್ ವಿಧಿಸಿತ್ತು. ಸಾಮಾನ್ಯ ಅಭಿಪ್ರಾಯ, ಆಲೋಚನೆಗಳನ್ನು ಅದರಲ್ಲಿ ಬರೆಯಕೂಡದು, ಸಂಗತಿ ಮಾತ್ರ ಇರಬೇಕು ಎಂಬ ಕಟ್ಟಪ್ಪಣೆಯೂ ಇತ್ತು. ಇಂಗ್ಲೆಂಡಿನ ಜಿಲ್ಲಾ ದಾಖಲೆ ಕಚೇರಿಗಳಲ್ಲಿ ಇಂಥ ಪುಸ್ತಕಗಳು ರಾಶಿಯಾಗಿ ಉಳಿದಿವೆ. ಅನೇಕವು ಈಗ ಡಿಜಿಟಲ್ ರೂಪದಲ್ಲೂ ಸಿಗುತ್ತವೆ. ಓದುತ್ತ ಹೋದಂತೆ ಸಂಗತಿಗಳೇ ಅಭಿಪ್ರಾಯ ಹೇಳತೊಡಗುತ್ತವೆ. ಸುಗ್ಗಿ ಬಂತು, ಮಕ್ಕಳು ಹೊಲಕ್ಕೆ ಹೋದರು. ಆಲೂಗಡ್ಡೆ ಅಗೆಯುವ ಕಾಲ, ಹಾಜರಿ ಇಳಿಯಿತು. ದಡಾರ ಹಬ್ಬಿತು, ಶಾಲೆ ಮುಚ್ಚಿತು. ತಪಾಸಣೆಯ ತಿಂಗಳು ಹತ್ತಿರವಾದಂತೆ ಲೆಕ್ಕ ಮತ್ತು ಉಕ್ತಲೇಖನ ಬಿಟ್ಟು ಬೇರೆ ಸುದ್ದಿಯೇ ಇಲ್ಲ. ಕೊನೆಗೆ ಇನ್‌ಸ್ಪೆಕ್ಟರರ ವರದಿಯ ಸಾರಾಂಶ. ಬಡ ಊರಿನ ಮಗು ಕೂಲಿಗೆ ಹೋದದ್ದು, ಜ್ವರದಲ್ಲಿ ಮಲಗಿದ್ದು, ಎಲ್ಲವೂ ಅದೇ ಊರಿನ ಶಾಲೆಯ ಅನುದಾನದಿಂದಲೇ ಕಡಿತವಾಗುತ್ತಿತ್ತು. ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಇಲ್ಲಿ: ಸೋಲಿನ ದುಡ್ಡು ಕಟ್ಟಿದ್ದು ಅದನ್ನು ಕಟ್ಟಲು ಕಿಂಚಿತ್ತೂ ಶಕ್ತಿಯಿಲ್ಲದ ಶಾಲೆ.

ಅಭಿಪ್ರಾಯ ಬರೆಯುವ ಸ್ವಾತಂತ್ರ್ಯ ಇದ್ದದ್ದು ಇನ್‌ಸ್ಪೆಕ್ಟರರಿಗೆ. ಕವಿ ಮ್ಯಾಥ್ಯೂ ಆರ್ನಾಲ್ಡ್ 1851ರಿಂದ 1886ರವರೆಗೆ ಶಾಲಾ ಇನ್‌ಸ್ಪೆಕ್ಟರರಾಗಿದ್ದವರು. ಕೋಡ್ ಬಂದ ಮೇಲೆ ಪಾಠದಲ್ಲಿ ಬುದ್ಧಿಯೂ ಜೀವವೂ ಕುಗ್ಗಿದವು, ಕಲಿಕೆ ಯಾಂತ್ರಿಕವಾಯಿತು ಎಂದು ಅವರು ಅಧಿಕೃತ ವರದಿಗಳಲ್ಲೇ ನಿರ್ಭಿಡೆಯಿಂದ ಬರೆದರು. ಮಕ್ಕಳು ವರ್ಷವಿಡೀ ಒಂದೇ ಪಠ್ಯಪುಸ್ತಕವನ್ನು ಬಾಯಿಪಾಠ ಮಾಡಿ, ಅರ್ಥ ತಿಳಿಯದೆಯೇ ಇನ್‌ಸ್ಪೆಕ್ಟರರ ಮುಂದೆ ಒಪ್ಪಿಸುತ್ತಿದ್ದರು. ಹಣ ತರದ ಇತಿಹಾಸ, ಭೂಗೋಳಗಳು ಹಿಂದೆ ಸರಿದವು. 1867ರಲ್ಲಿ ಅವುಗಳಿಗೂ ಒಂದಿಷ್ಟು ಹಣ ಇಡಬೇಕಾಯಿತು. ಶಿಕ್ಷಕರಿಗೆ ಬಿದ್ದ ಪೆಟ್ಟು ಇನ್ನೂ ದೊಡ್ಡದು. ಮೊದಲು ಅರ್ಹ ಶಿಕ್ಷಕರಿಗೂ ತರಬೇತಿಯಲ್ಲಿದ್ದ ‘ಪ್ಯೂಪಿಲ್ ಟೀಚರ್’ಗಳಿಗೂ ಸರ್ಕಾರ ನೇರ ಹಣ ಕೊಡುತ್ತಿತ್ತು. ಅದು ನಿಂತು, ಅವರ ಸಂಬಳ ಆಡಳಿತ ಮಂಡಳಿಯ ಕೈಸೇರಿತು. 1861ರಲ್ಲಿ 13 ಸಾವಿರಕ್ಕೂ ಮೇಲಿದ್ದ ಪ್ಯೂಪಿಲ್ ಟೀಚರ್‌ಗಳ ಸಂಖ್ಯೆ 1866ಕ್ಕೆ 9 ಸಾವಿರದೊಳಗೆ ಇಳಿಯಿತು. ಖಜಾನೆಗೆ ಮಾತ್ರ ಲಾಭವಾಯಿತು. ಕೋಡ್‌ಗೆ ಮೊದಲು ವರ್ಷಕ್ಕೆ 8 ಲಕ್ಷ ಪೌಂಡಿನ ಸುಮಾರಿಗಿದ್ದ ಅನುದಾನ 1865ರಲ್ಲಿ ಆರೂವರೆ ಲಕ್ಷದ ಒಳಗೆ ಬಂದಿತ್ತು. ಲೋ ಕೊಟ್ಟ ಭರವಸೆಯ ಎರಡನೇ ಅರ್ಧ ಈಡೇರಿತ್ತು.

ಇಂಗ್ಲೆಂಡಿನಲ್ಲಿ ಈ ವಾದ ಇನ್ನೂ ಬಿಸಿಯಿರುವಾಗಲೇ ಪದ್ಧತಿ ಹಡಗು ಹತ್ತಿತ್ತು. 1854ರ ವುಡ್ ನಿರೂಪ ಭಾರತದಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನದ ಬಾಗಿಲು ತೆರೆದಿತ್ತು. ಬೊಂಬಾಯಿ ಪ್ರಾಂತ್ಯ 1865–66ರ ಹೊತ್ತಿಗೆ, ಮದರಾಸು 1868ರ ನಿಯಮಗಳ ಮೂಲಕ, ಫಲಿತಾಂಶ ನೋಡಿ ಹಣ ಕೊಡುವ ಕ್ರಮವನ್ನು ತಂದವು. ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ: ಮದರಾಸಿನ ಕಡೆ ಇದೇ ಹಣದ ಆಸೆಯಿಂದ ಜಗಲಿ ಶಾಲೆಗಳ ಎಷ್ಟೋ ಮೇಷ್ಟ್ರುಗಳು ಇಲಾಖೆಯ ಪಟ್ಟಿಗೆ ಬಂದರು. ಈಗಾಗಲೇ ಮಕ್ಕಳೂ ಮೇಷ್ಟ್ರೂ ಇದ್ದ ಕಡೆ ಪದ್ಧತಿ ಕೆಲಸ ಮಾಡಿತು. ಇಬ್ಬರೂ ಇಲ್ಲದ ಕಡೆ?

ಇದಕ್ಕೆ ಉತ್ತರ ಹುಡುಕುತ್ತ 1882ರ ಹಂಟರ್ ಶಿಕ್ಷಣ ಆಯೋಗದ ಬೊಂಬಾಯಿ ಸಾಕ್ಷ್ಯ ಸಂಪುಟಕ್ಕೆ ಬಂದೆ. ಅಲ್ಲಿ 1882ರ ಅಕ್ಟೋಬರ್ 19ರಂದು ಪುಣೆಯಲ್ಲಿ ಜೋತಿರಾವ್ ಫುಲೆ ಸಲ್ಲಿಸಿದ ನಿವೇದನೆ ಇದೆ. ಸಾವಿತ್ರಿಬಾಯಿ ಅವರೊಂದಿಗೆ 1848ರಲ್ಲೇ ಹೆಣ್ಣುಮಕ್ಕಳ ಶಾಲೆ ತೆರೆದು, ಶಾಲೆ ನಡೆಸುವ ಕಷ್ಟವನ್ನು ಮೈಮೇಲೆ ಹೊತ್ತವರು ಅವರು. ಬಡವರಲ್ಲಿ, ಓದಿನ ರುಚಿ ಇನ್ನೂ ಹತ್ತದವರಲ್ಲಿ ವಿದ್ಯೆ ಹಬ್ಬಿಸಲು ಫಲಿತಾಂಶ ಪದ್ಧತಿ ಒಗ್ಗುವುದಿಲ್ಲ ಎಂದು ಅವರು ನೇರವಾಗಿ ಬರೆದರು. ಅಂಥವರ ನಡುವೆ ಯಾವ ಮೇಷ್ಟ್ರೂ ಸ್ವಂತ ಜವಾಬ್ದಾರಿಯಲ್ಲಿ ಶಾಲೆ ತೆರೆಯಲಾರ, ತೆರೆದರೆ ಅವನ ಹೊಟ್ಟೆಪಾಡು ನಡೆಯದು. ಆದ್ದರಿಂದ ಅಲ್ಲಿ ಸರ್ಕಾರವೇ ಶಾಲೆ ನಡೆಸಬೇಕು, ವಿಶೇಷ ಪ್ರೋತ್ಸಾಹ ಕೊಡಬೇಕು. ಹಳ್ಳಿಯ ಮೇಷ್ಟ್ರಿಗೆ ಕನಿಷ್ಠ 12 ರೂಪಾಯಿ, ದೊಡ್ಡ ಊರುಗಳಲ್ಲಿ 15–20 ರೂಪಾಯಿ ಸಂಬಳ ಬೇಕು ಎಂದೂ ಕೇಳಿದರು. ಆ ಪ್ರಾಂತ್ಯದ ರೈತ ಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಸೆಸ್ ಕಟ್ಟುತ್ತಿದ್ದ. ಅದರ ಮೂರನೇ ಒಂದು ಪಾಲು ಶಿಕ್ಷಣಕ್ಕೆ ಮೀಸಲು. ಧಾರವಾಡ, ಬೆಳಗಾವಿಯ ರೈತರೂ ಅದನ್ನು ಕಟ್ಟಿದವರೇ. ಶಾಲೆಗೆ ದುಡ್ಡು ಕೊಟ್ಟವನ ಮಗುವೇ ಶಾಲೆಯಿಂದ ಹೊರಗಿತ್ತು. ಫುಲೆಯವರ ಸಿಟ್ಟಿನ ಮೂಲ ಅದು.

ನಾನು ಕೇಳುತ್ತ ಬಂದ ಪ್ರಶ್ನೆಯನ್ನು ನನಗಿಂತ 140 ವರ್ಷ ಮೊದಲೇ, ನನಗಿಂತ ಚೆನ್ನಾಗಿ, ಅವರು ಕೇಳಿದ್ದರು. ಪರೀಕ್ಷೆ ಮುಗಿದ ಮೇಲೆ ಬರುವ ಹಣದಿಂದ ಅದಕ್ಕೆ ಮೊದಲಿನ ಹನ್ನೆರಡು ತಿಂಗಳು ಮೇಷ್ಟ್ರ ಮನೆಯ ಒಲೆ ಉರಿಯುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಬಿ. ಎಲ್. ರೈಸ್ 1868ರಲ್ಲಿ ರೂಪಿಸಿದ ಹೋಬಳಿ ಶಾಲೆಗಳ ಯೋಜನೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಹೋಬಳಿಗೊಂದು ಸರ್ಕಾರಿ ಶಾಲೆ, ಅದಕ್ಕೆ ತರಬೇತಿ ಪಡೆದ ಮೇಷ್ಟ್ರು. ಶಾಲೆ ಮೊದಲು, ಫಲಿತಾಂಶ ಆಮೇಲೆ.

ಹಂಟರ್ ಆಯೋಗ ಹಿಂದುಳಿದ ಪ್ರದೇಶಗಳಿಗೆ ವಿನಾಯಿತಿ ಇಟ್ಟರೂ, ಪ್ರಾಥಮಿಕ ಶಾಲೆಗಳಿಗೆ ಬಹುಮಟ್ಟಿಗೆ ಫಲಿತಾಂಶವನ್ನೇ ಅಳತೆಗೋಲಾಗಿ ಶಿಫಾರಸು ಮಾಡಿತು. ಅತ್ತ ಇಂಗ್ಲೆಂಡ್ 1890ರಿಂದ ಈ ಪದ್ಧತಿಯನ್ನು ಕಳಚತೊಡಗಿ, 1897ರ ಹೊತ್ತಿಗೆ ಪೂರ್ತಿ ಕೈಬಿಟ್ಟಿತು. ಇತ್ತ ಕರ್ಜನ್ ಸರ್ಕಾರದ 1904ರ ಮಾರ್ಚ್ 11ರ ಶಿಕ್ಷಣ ನಿರ್ಣಯ ಅದನ್ನು ತಿರಸ್ಕರಿಸಿತು. ಫುಲೆ ತೀರಿಕೊಂಡು ಆಗಲೇ ಹದಿಮೂರು ವರ್ಷ ಕಳೆದಿತ್ತು.

ಹಾಗಾದರೆ ಕಲಿಕೆಗೂ ಹಣಕ್ಕೂ ನಂಟೇ ಇರಬಾರದೇ? ಇದಕ್ಕೆ ಉತ್ತರ ಕೊಡುವ ದಾಖಲೆ ನಮ್ಮ ನೆರೆಯಲ್ಲೇ ಇದೆ. 2005ರಿಂದ ಆಂಧ್ರಪ್ರದೇಶದ ಗ್ರಾಮೀಣ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ನಡೆಸಿದ ಪ್ರಯೋಗದಲ್ಲಿ, ಮಕ್ಕಳ ಅಂಕಗಳು ಎಷ್ಟು ಸುಧಾರಿಸಿದವು ಎಂಬುದರ ಮೇಲೆ ಶಿಕ್ಷಕರಿಗೆ ಬೋನಸ್ ಕೊಡಲಾಯಿತು. ಎರಡು ವರ್ಷಗಳ ಬಳಿಕ ಆ ಶಾಲೆಗಳ ಮಕ್ಕಳು ಗಣಿತ ಮತ್ತು ಭಾಷೆಯಲ್ಲಿ ಮುಂದಿದ್ದರು. ಬೋನಸ್ ಇಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಮುಂದಿದ್ದರು. ಆದರೆ ಅಲ್ಲಿ ಶಿಕ್ಷಕರ ಸಂಬಳದಿಂದ ಒಂದು ಪೈಸೆಯೂ ಕಡಿತವಾಗಲಿಲ್ಲ. ಅಳೆದದ್ದು ಎಲ್ಲರಿಗೂ ಒಂದೇ ಎಂಬ ಗೆರೆಯನ್ನಲ್ಲ, ಆ ಶಾಲೆಯ ಮಕ್ಕಳು ಇದ್ದ ಜಾಗದಿಂದ ಎಷ್ಟು ಮುಂದೆ ಬಂದರು ಎಂಬುದನ್ನು. 1862ರ ಸೂತ್ರ ಶಾಲೆಯ ದಿನನಿತ್ಯದ ಅನ್ನವನ್ನೇ ಪಣಕ್ಕಿಟ್ಟಿತ್ತು. ಇಲ್ಲಿ ಅನ್ನ ಭದ್ರವಾಗಿತ್ತು, ಮೇಲಿನದಷ್ಟೇ ಪಣದಲ್ಲಿತ್ತು.

ಇಂದೂ ಫಲಿತಾಂಶದ ಪಟ್ಟಿ ಹೊರಬಿದ್ದ ದಿನ ಕೆಳಗಿರುವ ಶಾಲೆಗಳಿಗೆ ನೋಟಿಸು ಕೊಡಿ, ಅನುದಾನ ನಿಲ್ಲಿಸಿ ಎಂಬ ಕೂಗು ಏಳುತ್ತದೆ. ಆ ಕೂಗಿಗೆ ನನ್ನ ಉತ್ತರ ಈ ದಾಖಲೆಗಳು. ಪಟ್ಟಿಯ ಕೆಳಗಿರುವ ಶಾಲೆ ಹೆಚ್ಚಿನ ಪಾಲು ಬಡವರ ಮಕ್ಕಳ ಶಾಲೆ. ಅದರ ಅನುದಾನ ಕಡಿತ ಮಾಡಿದರೆ ಕೂಲಿಗೆ ಹೋದ ಮಗುವಿನ ಹೊರೆಯನ್ನು ಶಾಲೆಯಲ್ಲೇ ಉಳಿದ ಮಗುವಿನ ತಲೆಗೆ ಹೇರಿದಂತೆ. ಶಿಕ್ಷಕರನ್ನು ಹೊಣೆ ಕೇಳೋಣ, ಮಕ್ಕಳ ಪ್ರಗತಿಯನ್ನೂ ಅಳೆಯೋಣ. ಅದಕ್ಕೆ ಮೊದಲು ಮೇಷ್ಟ್ರ ಹುದ್ದೆ ತುಂಬಿರಬೇಕು, ಸಂಬಳ ನಿಶ್ಚಿತವಾಗಿರಬೇಕು, ಹಿಂದೆ ಬಿದ್ದ ಮಗುವಿಗೆ ಹೆಚ್ಚು ಹಣ ಹೋಗಬೇಕು. ಮಗು ಸೋತಾಗ ಅದರ ಶಾಲೆಗೆ ಹಣ ಕಡಿಮೆಯಾಗುವ ಯಾವ ಆದೇಶವೇ ಆಗಲಿ, ಅದಕ್ಕೆ ಏನೇ ಹೆಸರಿಡಲಿ, ನಾವು ಒಪ್ಪಿಕೊಳ್ಳಬಾರದು.