ತರ್ಕಕ್ಕೆ ಸಿಗದ ತಂಪು

‘ಗಂಗೆಯಲ್ಲಿ ಗೊಲ್ಲರ ಹಟ್ಟಿ’ ಎಂಬ ಪುಟ್ಟ ಮಾತನ್ನು ನಮ್ಮ ಕಾವ್ಯಮೀಮಾಂಸಕರು ಶತಮಾನಗಳ ಕಾಲ ಕೈಬಿಡಲಿಲ್ಲ. ಹರಿಯುವ ನೀರಿನ ಮೇಲೆ ಹಟ್ಟಿ ನಿಲ್ಲದು. ಆದ್ದರಿಂದ ಗಂಗೆ ಎಂದರೆ ಇಲ್ಲಿ ಗಂಗೆಯ ದಡ. ಇದು ಲಕ್ಷಣೆ. ಇಲ್ಲಿಯವರೆಗೆ ತರ್ಕ ಸಲೀಸಾಗಿ ನಡೆಯುತ್ತದೆ. ಆದರೆ ‘ದಡದಲ್ಲಿ ಹಟ್ಟಿ’ ಎಂದೇ ಹೇಳಿಬಿಟ್ಟರೆ ಆ ಜಾಗದ ತಂಪೂ ಪಾವಿತ್ರ್ಯವೂ ಮಾತಿನಿಂದ ಜಾರಿಹೋಗುತ್ತವೆ. ಅವು ಬಂದದ್ದು ಎಲ್ಲಿಂದ?

ಈ ಪ್ರಶ್ನೆಗೆ ಮೊದಮೊದಲು ಶಾಸ್ತ್ರದ ಬಳಿ ಇದ್ದದ್ದು ಅಲಂಕಾರಗಳ ಪಟ್ಟಿಯಷ್ಟೇ. ಭರತನ ನಾಟ್ಯಶಾಸ್ತ್ರದಲ್ಲಿ ಅವು 4: ಉಪಮೆ, ರೂಪಕ, ದೀಪಕ, ಯಮಕ. ಭಾಮಹ, ದಂಡಿಯರ ಹೊತ್ತಿಗೆ ಪಟ್ಟಿ ಉದ್ದವಾಯಿತು. ದಂಡಿಯ ಜಾಡು ಹಿಡಿದ ನಮ್ಮ ಕವಿರಾಜಮಾರ್ಗ ಧ್ವನಿಯನ್ನೂ, ಅಂದರೆ ಮಾತು ಹೇಳದೆ ಸೂಚಿಸುವ ಅರ್ಥವನ್ನೂ, ಒಂದು ಅಲಂಕಾರವಾಗಿ ಎಣಿಸಿತು. ಅದೇ 9ನೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ, ಧ್ವನಿಯೇ ಕಾವ್ಯದ ಆತ್ಮ ಎಂದು ಸಾರಿದ.

ಅವನ ಧ್ವನ್ಯಾಲೋಕ ಮೊದಲಿಗೇ ಮೂರು ಬಗೆಯ ಎದುರಾಳಿಗಳನ್ನು ನಿಲ್ಲಿಸಿಕೊಳ್ಳುತ್ತದೆ. ಧ್ವನಿ ಇಲ್ಲವೇ ಇಲ್ಲ ಎನ್ನುವವರು, ಅದು ಬರೀ ಲಕ್ಷಣೆ ಎನ್ನುವವರು, ಅದು ಮಾತಿಗೆ ನಿಲುಕದ್ದು ಎನ್ನುವವರು. ಮೂರನೆಯವರನ್ನೂ ಆನಂದವರ್ಧನ ಒಪ್ಪಲಿಲ್ಲ ಎಂಬುದನ್ನು ಮರೆಯಬಾರದು. ವಿವರಿಸಲು ಬಾರದು ಎಂದು ಕೈಮುಗಿದು ಕೂರುವ ಜಾಯಮಾನ ಅವನದಲ್ಲ. ಆದರೂ ಸೂಚ್ಯಾರ್ಥ ಎಂಥದು ಎಂದು ತೋರಿಸಬೇಕಾದಾಗ ಅವನು ಮೊರೆಹೋದದ್ದು ಉಪಮೆಗೆ: ಅವಯವಗಳಿಗಿಂತ ಬೇರೆಯಾಗಿ ಹೆಣ್ಣಿನಲ್ಲಿ ಹೊಳೆಯುವ ಲಾವಣ್ಯದಂತೆ ಅದು. ಶಾಸ್ತ್ರಕ್ಕೇ ಉಪಮೆಯ ನೆರವು ಬೇಕಾದ ಈ ಗಳಿಗೆ ನನಗೆ ಇಡೀ ಗ್ರಂಥದಲ್ಲಿ ಅತ್ಯಂತ ಪ್ರಾಮಾಣಿಕವಾಗಿ ಕಾಣುತ್ತದೆ.

ಧ್ವನ್ಯಾಲೋಕಕ್ಕೆ ಅಭಿನವಗುಪ್ತ ಬರೆದ ವ್ಯಾಖ್ಯಾನ ‘ಲೋಚನ’ ಈ ವಾದವನ್ನು ಗಟ್ಟಿಮಾಡಿತು. 11ನೇ ಶತಮಾನದಲ್ಲಿ ಮಹಿಮಭಟ್ಟ ‘ವ್ಯಕ್ತಿವಿವೇಕ’ ಬರೆದು, ಧ್ವನಿಯೆಂಬುದೆಲ್ಲ ಅನುಮಾನವೇ, ಹೊಗೆ ಕಂಡು ಬೆಂಕಿ ಊಹಿಸುವ ತರ್ಕವೇ ಎಂದ. ಜಗಳಕ್ಕೆ ಸಿಕ್ಕಿದ್ದು ಒಂದು ಪ್ರಾಕೃತ ಗಾಹೆ. ಗೋದಾವರಿ ದಡದ ಪೊದೆಯಲ್ಲಿ ನಲ್ಲನನ್ನು ಕೂಡುವ ಹೆಣ್ಣು, ಅಲ್ಲಿ ಅಡ್ಡಾಡುವ ಧಾರ್ಮಿಕನಿಗೆ ಹೇಳುತ್ತಾಳೆ: ಇನ್ನು ನಿಶ್ಚಿಂತೆಯಿಂದ ತಿರುಗಾಡಿ, ನೀವು ಅಂಜುತ್ತಿದ್ದ ಆ ನಾಯಿಯನ್ನು ಪೊದೆಯ ಸಿಂಹ ಕೊಂದುಹಾಕಿದೆ. ಮಾತು ‘ಬನ್ನಿ’ ಎನ್ನುತ್ತದೆ, ಇಂಗಿತ ‘ಬರಬೇಡಿ’. ಸಿಂಹ ಇರುವಲ್ಲಿಗೆ ಅಂಜುಬುರುಕ ಹೋಗನು, ಇಷ್ಟೇ ತಾನೆ ಎಂಬುದು ಮಹಿಮಭಟ್ಟನ ವಾದ.

ಮಮ್ಮಟನ ಕಾವ್ಯಪ್ರಕಾಶ ಈ ವಾದದ ಎಳೆ ಬಿಡಿಸಿತು. ಗುರುವಿನ ಅಪ್ಪಣೆಗೋ ಪ್ರಿಯೆಯ ಮೋಹಕ್ಕೋ ಅಂಜುಬುರುಕನೂ ಸಿಂಹದತ್ತ ಹೋದಾನು. ನಾಯಿಯನ್ನು ಮುಟ್ಟಲು ಹೇಸುವವನು ಸಿಂಹಕ್ಕೆ ಹೆದರದಿದ್ದಾನು. ಸಿಂಹ ಇದೆ ಎಂಬುದಕ್ಕೂ ಅವಳ ಮಾತೊಂದೇ ಆಧಾರ. ಹೇತು ಹೀಗೆ ಸಡಿಲವಾಗಿದ್ದೂ ಸಹೃದಯನಿಗೆ ಇಂಗಿತ ಥಟ್ಟನೆ ತಿಳಿಯುತ್ತದಲ್ಲ! ಹಟ್ಟಿಯ ತಂಪನ್ನು ಎರಡನೆಯ ಲಕ್ಷಣೆ ಎನ್ನಲೂ ಅವನು ಬಿಡಲಿಲ್ಲ. ದಡದಲ್ಲಿ ಹಟ್ಟಿ ಇರುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅಡ್ಡಿಯಿಲ್ಲದೆ ಲಕ್ಷಣೆ ಹುಟ್ಟದು.

ಕನ್ನಡದಲ್ಲಿ ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’, ಕೆ. ಕೃಷ್ಣಮೂರ್ತಿಯವರ ಧ್ವನ್ಯಾಲೋಕದ ಅನುವಾದ ಈ ಚರ್ಚೆಗೆ ಬಾಗಿಲು ತೆರೆದವು. ಪಶ್ಚಿಮದ ತತ್ವಜ್ಞರಲ್ಲೂ ಇಂಥದೇ ಪ್ರಶ್ನೆ ಎದ್ದಿತು. 1950ರ ದಶಕದಲ್ಲಿ ಮ್ಯಾಕ್ಸ್ ಬ್ಲ್ಯಾಕ್, ಒಳ್ಳೆಯ ರೂಪಕವನ್ನು ಬರೀ ಮಾತಿಗೆ ಇಳಿಸಿದರೆ ತಿಳಿವೇ ಸೋರಿಹೋಗುತ್ತದೆ ಎಂದರು. 1978ರಲ್ಲಿ ಡೊನಾಲ್ಡ್ ಡೇವಿಡ್‌ಸನ್, ರೂಪಕಕ್ಕೆ ವಾಚ್ಯಾರ್ಥ ಬಿಟ್ಟು ಇನ್ನೊಂದು ಅರ್ಥವೇ ಇಲ್ಲ, ಅದು ಏನನ್ನೋ ಕಾಣುವಂತೆ ಮಾಡುತ್ತದೆ ಅಷ್ಟೇ ಎಂದು ವಾದಿಸಿದರು. ಮಮ್ಮಟನನ್ನು ಓದಿದವರು ಅವರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಮಾತಿಗೆ ಆ ಅರ್ಥವೇ ಇಲ್ಲವೆಂದಾದರೆ, ಅದೇ ಮಾತನ್ನು ಕೇಳಿದ ಇಷ್ಟೊಂದು ಜನಕ್ಕೆ ಅದೇ ಕಾಣುವುದು ಹೇಗೆ?