ಕೈಗೆ ಪೆಟ್ಟು, ಕಾಲಿಗೆ ಹೊಲಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮಗನ ಮುಂಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿಕೊಂಡಿತು. ಸುದ್ದಿ ತಿಳಿದು ನಾವು ಆಸ್ಪತ್ರೆಗೆ ಹೋದೆವು. ಕೈ ಉಳಿದಿತ್ತು. ಆದರೆ ಹುಡುಗನ ತಾಯಿಗೆ ಒಂದು ಸಂಶಯ: “ಪೆಟ್ಟು ಬಿದ್ದದ್ದು ಕೈಗೆ. ಕಾಲನ್ನೇಕೆ ಕೊಯ್ದರು? ನೀವು ಸಾಯನ್ಸ್ ಓದಿದವರಲ್ಲವೇ, ಹೇಳಿ.” ಬಿ.ಎಸ್ಸಿ. ಮುಗಿಸಿ ಇಪ್ಪತ್ತು ವರ್ಷಗಳಿಂದ ಕೇಂದ್ರ ಸರಕಾರದ ಕಡತಗಳಲ್ಲಿ ಮುಳುಗಿರುವ ನಮಗೆ ಆಗ ಉತ್ತರ ತೋಚಲಿಲ್ಲ. ಮನೆಗೆ ಬಂದು ಪುಸ್ತಕ ತಿರುವಿದೆವು. ಉತ್ತರದ ಹಿಂದೆ ನೂರು ವರ್ಷಕ್ಕೂ ಮಿಕ್ಕ ಚರಿತ್ರೆಯಿತ್ತು.

ಅದು ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಮೊದಲಾಗುತ್ತದೆ. 1894ರ ಜೂನ್ 24ರಂದು ಅಲ್ಲಿಗೆ ಬಂದಿದ್ದ ಅಧ್ಯಕ್ಷ ಸಾದಿ ಕಾರ್ನೊ ಅವರನ್ನು ಒಬ್ಬ ಅರಾಜಕತಾವಾದಿ ಚೂರಿಯಿಂದ ಇರಿದ. ಯಕೃತ್ತಿಗೆ ಹೋಗುವ ದೊಡ್ಡ ರಕ್ತನಾಳ ತುಂಡಾಯಿತು. ಅದನ್ನು ಹೊಲಿಯುವ ವಿದ್ಯೆ ವೈದ್ಯರಲ್ಲಿ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಅಧ್ಯಕ್ಷರು ತೀರಿಕೊಂಡರು.

ಅದೇ ಊರಿನ ತರುಣ ವೈದ್ಯ ಅಲೆಕ್ಸಿ ಕಾರೆಲ್ ಅವರ ಮನಸ್ಸಿಗೆ ಇದು ನಾಟಿತು. ಲಿಯೋನ್ ರೇಷ್ಮೆಗೆ ಹೆಸರಾದ ಊರು. ಅಲ್ಲಿಯ ಕಸೂತಿಗಾರ್ತಿ ಮದಾಂ ಲೆರೂದಿಯೆ ಅವರಿಂದ ಕಾರೆಲ್ ನವಿರಾದ ಸೂಜಿದಾರದ ಕೆಲಸ ಕಲಿತರು. 1902ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು: ನಾಳದ ಬಾಯಿಗೆ ಮೂರು ಕಡೆ ಹೊಲಿಗೆ ಹಾಕಿ ಎಳೆದರೆ ದುಂಡು ಬಾಯಿ ತ್ರಿಕೋನವಾಗುತ್ತದೆ; ಅದರ ನೇರ ಅಂಚುಗಳನ್ನು ಹೊಲಿಯುವುದು ಸುಲಭ. ನಮ್ಮ ಧಾರವಾಡದ ಕಸೂತಿಯಲ್ಲಿ ಗಂಟು ಕಾಣಬಾರದು, ಎರಡು ಬದಿಯೂ ಒಂದೇ ಆಗಿರಬೇಕು ಎನ್ನುತ್ತಾರಲ್ಲವೇ? ರಕ್ತನಾಳದ ಒಳಮೈಯೂ ಹಾಗೆ ನಯವಾಗಿರಬೇಕು. ಒರಟಾದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. 1912ರಲ್ಲಿ ಕಾರೆಲ್‌ರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ತುದಿಗಳು ಕೂಡಿದರೆ ಹೊಲಿಯಬಹುದು. ನಡುವಿನ ಭಾಗವೇ ಹಾಳಾಗಿದ್ದರೆ? 1906ರಲ್ಲಿ ಮ್ಯಾಡ್ರಿಡ್‌ನ ಗೋಯಾನೆಸ್ ಅವರು ಮೊಣಕಾಲ ಹಿಂದಿನ ಅಪಧಮನಿಯ ಜಾಗದಲ್ಲಿ ಪಕ್ಕದ ಅಭಿಧಮನಿಯನ್ನೇ ಕೂಡಿಸಿದರು. ಮರುವರ್ಷ ಜರ್ಮನಿಯ ಲೆಕ್ಸರ್ ಅವರು ಕಾಲಿನ ಸಫೀನಸ್ ಅಭಿಧಮನಿಯ ತುಂಡನ್ನು ಕಂಕುಳಿನ ಅಪಧಮನಿಗೆ ಕಸಿ ಮಾಡಿದರು. ಸಫೀನಸ್ ಚರ್ಮದ ಕೆಳಗೇ ಇರುವ ಉದ್ದದ ನಾಳ. ತೆಗೆದರೂ ಆಳದ ನಾಳಗಳು ಅದರ ಕೆಲಸ ನೋಡಿಕೊಳ್ಳುತ್ತವೆ. ಒಂದು ಎಚ್ಚರ ಮಾತ್ರ ಬೇಕು. ಅಭಿಧಮನಿಯ ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುತ್ತವೆ. ಆದ್ದರಿಂದ ತುಂಡನ್ನು ತಲೆಕೆಳಗು ಮಾಡಿ ಜೋಡಿಸಬೇಕು.

ಇಷ್ಟು ತಿಳಿದಿದ್ದರೂ ರಣರಂಗದಲ್ಲಿ ಇದು ಬೇಗ ಬಳಕೆಗೆ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಪಧಮನಿಗೆ ಗಾಯವಾದ 2,471 ಅಮೇರಿಕನ್ ಪ್ರಕರಣಗಳ ವರದಿ 1946ರಲ್ಲಿ ಹೊರಬಂತು. ಹೊಲಿದು ಸರಿಪಡಿಸಿದ್ದು 81ರಲ್ಲಿ ಮಾತ್ರ. ನಾಳವನ್ನು ಬಿಗಿದು ಕಟ್ಟಿಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಗಾಯಾಳು ಶಸ್ತ್ರವೈದ್ಯರ ಬಳಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್ ಬಂತು, ನಾಳಗಳನ್ನು ಸರಿಪಡಿಸುವ ಪದ್ಧತಿಯೂ ಬಂತು. ಅಂಗ ಕಳೆದುಕೊಂಡವರು ಶೇಕಡಾ 13ಕ್ಕೆ ಇಳಿದರು.

ಬೆರಳಿನ ನಾಳವಾದರೋ ಒಂದು ಮಿಲಿಮೀಟರಿನಷ್ಟು. ಬರಿಗಣ್ಣಿಗೆ ಅದು ನಿಲುಕದು. 1960ರಲ್ಲಿ ಅಮೇರಿಕದ ಜೇಕಬ್ಸನ್ ಅವರು ಸೂಕ್ಷ್ಮದರ್ಶಕದ ಕೆಳಗೆ ಇಂಥ ಸಣ್ಣ ನಾಳಗಳನ್ನು ಹೊಲಿದು ತೋರಿಸಿದರು. 1962ರಲ್ಲಿ ಬಾಸ್ಟನ್ನಿನಲ್ಲಿ, ಗೂಡ್ಸ್ ರೈಲಿಗೆ ಸಿಕ್ಕು ತೋಳು ಕಳೆದುಕೊಂಡ ಹನ್ನೆರಡರ ಬಾಲಕನಿಗೆ ಅದೇ ತೋಳನ್ನು ಮರಳಿ ಜೋಡಿಸಿದರು. 1963ರಲ್ಲಿ ಶಾಂಘೈಯ ಕಾರ್ಮಿಕನೊಬ್ಬನಿಗೆ ಕೈ ಮರಳಿತು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಅವರು ಪೂರ್ತಿ ತುಂಡಾದ ಹೆಬ್ಬೆರಳನ್ನು ಕೂಡಿಸಿದರು. ಇಂಥ ಕೆಲಸದಲ್ಲಿ ಬಳಸುವ ನೈಲಾನ್ ದಾರ ತಲೆಗೂದಲಿಗಿಂತ ತೆಳು.

ಕಸಿಯ ಮಹತ್ವ ಕಾಣುವುದು ಯಂತ್ರದಲ್ಲಿ ಜಜ್ಜಿದ, ಸೆಳೆದು ಕಿತ್ತ ಗಾಯಗಳಲ್ಲಿ. ಅಲ್ಲಿ ನಾಳ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಹರಿದಿರುತ್ತದೆ. ಹಾಗೆಯೇ ಎಳೆದು ಹೊಲಿದರೆ ಹೆಪ್ಪುಗಟ್ಟುವುದು ಖಂಡಿತ. ಆದ್ದರಿಂದ ಆರೋಗ್ಯವಾದ ಭಾಗ ಸಿಗುವವರೆಗೆ ಕತ್ತರಿಸಿ, ನಡುವಿನ ತೆರವಿಗೆ ಅಭಿಧಮನಿಯ ಸೇತುವೆ ಕಟ್ಟಬೇಕು. ಗಾಯವಾದ ಅಂಗದಲ್ಲಿ ಉಳಿದ ಅಭಿಧಮನಿಗಳು ರಕ್ತವನ್ನು ಹಿಂದಕ್ಕೆ ಒಯ್ಯಲು ಬೇಕು. ದೊಡ್ಡ ತುಂಡನ್ನು ಕಾಲಿನಿಂದ ತರುವುದು ಅದಕ್ಕಾಗಿಯೇ.

ಮುಂದಿನ ವಾರ ಆ ತಾಯಿಗೆ ಇಷ್ಟನ್ನೂ ಹೇಳಿದೆವು. ಅವರು ಕೇಳಿ, “ಹಾಗಾದರೆ ಅವನ ಕಾಲೇ ಅವನ ಕೈಗೆ ಸಾಲ ಕೊಟ್ಟಿತು ಅನ್ನಿ” ಎಂದರು. ನಮ್ಮ ಇಷ್ಟುದ್ದದ ವ್ಯಾಖ್ಯಾನಕ್ಕಿಂತ ಅದೇ ಚೆನ್ನಾಗಿತ್ತು.

ಲೋಕಲ್ ರೈಲು, ಕಾರ್ಖಾನೆಗಳ ನಡುವೆ ಬದುಕುವ ನಮ್ಮ ಬಂಧುಗಳಿಗೆ ಕೊನೆಯದಾಗಿ ಒಂದು ಮಾತು. ತುಂಡಾದ ಭಾಗವನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಡಿ. ಮಂಜುಗಡ್ಡೆ ನೇರವಾಗಿ ತಾಗಬಾರದು. ಗಾಯವನ್ನು ಒತ್ತಿ ಹಿಡಿದು ಕೂಡಲೇ ಹೊರಡಿ. ಸ್ನಾಯುವಿರುವ ಭಾಗ ತಣ್ಣಗಿರದಿದ್ದರೆ ಸುಮಾರು ಆರು ಗಂಟೆಗಿಂತ ಹೆಚ್ಚು ತಾಳದು.