ಕಂಚುಕಿಗೆ ತೆರೆದ ಬಾಗಿಲು

ಚೆನ್ನೈನ ಪೋರೂರಿನಿಂದ ದಕ್ಷಿಣಕ್ಕೆ ಹೊರಟು ತಾಂಬರಂ ದಾಟಿದರೆ ಮುಂದೆ ಚೆಂಗಲ್ಪಟ್ಟು. 2010ರ ದಶಕದ ಆರಂಭದಲ್ಲಿ ಅಲ್ಲಿ ಭಾರತಿ ಎಂಬ ಟ್ರಾನ್ಸ್ ಮಹಿಳೆ ಪಾಸ್ಟರ್ ಆಗಿ ಸೇವೆ ಶುರು ಮಾಡಿದರು. ದೇಶದ ಮೊದಲ ಟ್ರಾನ್ಸ್‌ಜೆಂಡರ್ ಪಾಸ್ಟರ್ ಎಂದು ಪತ್ರಿಕೆಗಳು ಬರೆದವು. ಅವರನ್ನು ಒಪ್ಪಿಕೊಂಡದ್ದು ಇವ್ಯಾಂಜಲಿಕಲ್ ಚರ್ಚ್ ಆಫ್ ಇಂಡಿಯಾ. ಇಂಥ ಹೆಜ್ಜೆಯನ್ನು ನಾವು ಉದಾರವಾದಿ ಸಭೆಗಳಿಂದ ನಿರೀಕ್ಷಿಸುತ್ತೇವೆ. ಇಲ್ಲಿ ಮುಂದೆ ಬಂದದ್ದು ಬೈಬಲಿನ ಮಾತಿಗೆ ಬಿಗಿಯಾಗಿ ಅಂಟಿಕೊಳ್ಳುವ ಪಂಥ.

ಅದಕ್ಕೆ ಬೈಬಲಿನಲ್ಲೇ ಆಧಾರವಿತ್ತು ಎಂದು ನನ್ನ ಎಣಿಕೆ. ಮೋಶೆಯ ಕಾನೂನು ನಪುಂಸಕರನ್ನು ದೇವರ ಸಭೆಯಿಂದ ಹೊರಗಿಟ್ಟಿತ್ತು. ಯೆಶಾಯನ 56ನೇ ಅಧ್ಯಾಯ ಅವರಿಗೆ ಮಕ್ಕಳಿಗಿಂತ ಮಿಗಿಲಾದ ಹೆಸರನ್ನು ಕೊಡುತ್ತದೆ. ಹುಟ್ಟಿನಿಂದಲೇ ಹಾಗಿರುವವರ ಬಗ್ಗೆ ಯೇಸು ಮತ್ತಾಯ 19ರಲ್ಲಿ ಮಾತಾಡುತ್ತಾನೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯಾದ ಕಂಚುಕಿ ನೀರು ತೋರಿಸಿ, ತನ್ನ ದೀಕ್ಷಾಸ್ನಾನಕ್ಕೆ ಅಡ್ಡಿಯೇನೆಂದು ಕೇಳುತ್ತಾನೆ. ಫಿಲಿಪ್ಪನು ನಂಬಿಕೆಯ ಷರತ್ತು ಹಾಕುವ 37ನೇ ವಚನ ಅತಿ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ! ಅಲ್ಲಿ ಪ್ರಶ್ನೆಯ ಹಿಂದೆಯೇ ಇಬ್ಬರೂ ನೀರಿಗೆ ಇಳಿಯುತ್ತಾರೆ. ಸರ್ಕಾರವೂ ದಾರಿ ಮಾಡಿತ್ತು: ತಮಿಳುನಾಡು 2008ರಲ್ಲೇ ತಿರುನಂಗೈಯರಿಗೆ ಕಲ್ಯಾಣ ಮಂಡಳಿ ರಚಿಸಿತ್ತು.

ಸಲಿಂಗಪ್ರೇಮಿಗಳಿಗೆ ಇಂಥ ಕಂಚುಕಿ ಸಿಗಲಿಲ್ಲ. ಅವರ ಮುಂದೆ ಹಿಡಿದದ್ದು ಯಾಜಕಕಾಂಡ ಮತ್ತು ರೋಮಾಪುರದವರಿಗೆ ಬರೆದ ಪತ್ರ. ಜೊತೆಗೆ ಬ್ರಿಟಿಷರು 1860ರಲ್ಲಿ ತಂದ 377ನೇ ಕಲಂ. ದೆಹಲಿ ಹೈಕೋರ್ಟ್ 2009ರಲ್ಲಿ ಅದರ ಹಲ್ಲು ಕಿತ್ತಾಗ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಅಪೊಸ್ತೊಲಿಕ್ ಚರ್ಚಸ್ ಅಲಯನ್ಸ್ ಮತ್ತು ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಕೂಡ ಇದ್ದವು. 2013ರಲ್ಲಿ ಕಲಂ ಮತ್ತೆ ಜೀವ ಪಡೆಯಿತು. ಆಗ ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್ ಸಲಿಂಗ ಮದುವೆಯನ್ನು ವಿರೋಧಿಸುತ್ತಲೇ, ಚರ್ಚು ಇವರನ್ನು ಅಪರಾಧಿಗಳೆಂದು ಎಣಿಸುವುದಿಲ್ಲ ಎಂದರು. ಕ್ರೈಸ್ತರ ದನಿ ಒಂದೇ ಆಗಿರಲಿಲ್ಲ.

ಪಠ್ಯವನ್ನೇ ಮರಳಿ ಓದುವ ಕೆಲಸ ಸೆಮಿನರಿಗಳ ಸುತ್ತ ನಡೆಯಿತು. ಚೆನ್ನೈನ ಗುರುಕುಲ ಲುಥೆರನ್ ಕಾಲೇಜಿನಲ್ಲಿ ಪಾಠ ಮಾಡಿದ ಜಾರ್ಜ್ ಜಕರಿಯಾ, ವಿನ್ಸೆಂಟ್ ರಾಜ್‌ಕುಮಾರ್ ಜೊತೆ ಸೇರಿ ಚರ್ಚು ಮತ್ತು ಸಲಿಂಗದ್ವೇಷದ ಕುರಿತ ಲೇಖನಗಳನ್ನು 2015ರಲ್ಲಿ ಸಂಪಾದಿಸಿದರು. ಅದರ ಹಿಂದೆ ಬೆಂಗಳೂರಿನ ಸಿಐಎಸ್‌ಆರ್‌ಎಸ್ ಸಂಸ್ಥೆ ಇತ್ತು. 2017ರಲ್ಲಿ ನಾಗಪುರದ ರಾಷ್ಟ್ರೀಯ ಚರ್ಚುಗಳ ಮಂಡಳಿ ಸಭೆಗಳಿಗಾಗಿ ಕೈಪಿಡಿಯನ್ನೇ ತಂದಿತು. ಎರಡೂ ಇಂಗ್ಲಿಷಿನವು. ಭಾನುವಾರದ ಪ್ರಸಂಗ ನಡೆಯುವುದು ತಮಿಳಿನಲ್ಲಿ, ಕನ್ನಡದಲ್ಲಿ, ಒಡಿಯಾದಲ್ಲಿ.

2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲ ಎಂದಾಯಿತು. 2023ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಸಲಿಂಗ ಮದುವೆಗೆ ಮಾನ್ಯತೆ ಕೊಡಲಿಲ್ಲ. ಎರಡೇ ತಿಂಗಳಿಗೆ ವ್ಯಾಟಿಕನ್, ಸಲಿಂಗ ಜೋಡಿಗಳನ್ನು ಪಾದ್ರಿಗಳು ಆಶೀರ್ವದಿಸಬಹುದು, ಆದರೆ ಅದು ಮದುವೆಯಂತೆ ಕಾಣಬಾರದು, ಮದುವೆಯ ಬಟ್ಟೆಯೂ ಕೂಡದು ಎಂದಿತು.